ಪ್ರೀತಿಯೋ, ಭದ್ರವಾದ ಮನೆಯೋ? ‘ಫ್ಯಾನಿ’ (1932) ಚಿತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಫ್ರೆಂಚ್ ಚಿತ್ರ ‘ಫ್ಯಾನಿ’ ನೋಡಿದವರು, ನೋಡಬೇಕೆಂದು ಹೊರಟವರು, ಅರ್ಧಕ್ಕೆ ಬಿಟ್ಟು ಜಗಳಕ್ಕೆ ಬಂದವರು ಕೇಳುವ ಪ್ರಶ್ನೆಗಳು ಇವು. ಎರಡನೇ ಭಾಗದಿಂದ ಕಥೆಯ ಗುಟ್ಟೆಲ್ಲ ಬಯಲಾಗುತ್ತದೆ. ಇನ್ನೂ ನೋಡಿಲ್ಲ ಅನ್ನುವವರು ಮೊದಲ ಭಾಗ ಓದಿ ನಿಲ್ಲಿಸಿದರೆ ಒಳ್ಳೆಯದು.

## ಶುರುವಿಗೆ

ಇದು ಒಂದು ಸಿನಿಮಾನಾ, ಮೂರಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಮೂರು. ‘ಮಾರಿಯುಸ್’ (1931), ‘ಫ್ಯಾನಿ’ (1932), ‘ಸೆಜಾರ್’ (1936). ಮೂರನ್ನೂ ಬರೆದವರು ಮಾರ್ಸೆಲ್ ಪಾನ್ಯೊಲ್. ನಿರ್ದೇಶಕರು ಮಾತ್ರ ಬೇರೆ ಬೇರೆ. ಮೊದಲನೆಯದಕ್ಕೆ ಅಲೆಕ್ಸಾಂಡರ್ ಕೊರ್ಡಾ, ಎರಡನೆಯದಕ್ಕೆ ಮಾರ್ಕ್ ಅಲೆಗ್ರೆ, ಮೂರನೆಯದಕ್ಕೆ ಸ್ವತಃ ಪಾನ್ಯೊಲ್. ಮೊದಲ ಎರಡು ನಾಟಕಗಳಾಗಿ ಪ್ಯಾರಿಸ್‌ನಲ್ಲಿ ಚೆನ್ನಾಗಿ ಓಡಿದ್ದವು. ಮೂರನೆಯದನ್ನು ನೇರ ತೆರೆಗಾಗಿಯೇ ಬರೆದರು.

ಕಥೆ ಎಲ್ಲಿ ನಡೆಯುತ್ತೆ?

ದಕ್ಷಿಣ ಫ್ರಾನ್ಸಿನ ಮಾರ್ಸೇ ಊರಿನ ಹಳೆ ಬಂದರಿನಲ್ಲಿ. 1910ರಲ್ಲಿ ಸಾವರ್ಕರ್ ಹಡಗಿನಿಂದ ನೀರಿಗೆ ಹಾರಿದರು ಅಂತ ಓದಿರುತ್ತೀರಲ್ಲ, ಅದೇ ಮಾರ್ಸೇ. ಬಂದರಿನ ದಂಡೆಯಲ್ಲಿ ಸೆಜಾರ್ ಎಂಬಾತನ ಬಾರ್. ಬಾರಿನ ಮುಂದೆ ಫ್ಯಾನಿ ಎಂಬ ಹುಡುಗಿ ಚಿಪ್ಪುಮೀನು ಮಾರುತ್ತಾಳೆ. ಅವಳ ತಾಯಿ ಒನೊರಿನ್ ಮೀನು ಮಾರುವವಳು. ಹತ್ತಿರದಲ್ಲೇ ಪಾನಿಸ್‌ನ ಅಂಗಡಿ. ಅವನು ಹಡಗಿನ ಹಾಯಿ ಹೊಲಿಸಿ ಮಾರುವ ಸಾಹುಕಾರ, ವಿಧುರ. ಇಡೀ ಕಥೆ ಹೆಚ್ಚುಕಡಿಮೆ ಈ ಒಂದು ಬೀದಿಯಲ್ಲೇ ಮುಗಿಯುತ್ತದೆ.

ನೇರ ‘ಫ್ಯಾನಿ’ ನೋಡಬಹುದಾ, ಇಲ್ಲಾ ‘ಮಾರಿಯುಸ್’ ನೋಡಲೇಬೇಕಾ?

ನೋಡಲೇಬೇಕು. ಸುಮ್ನೆ ಕ್ರಮಕ್ಕಾಗಿ ಹೇಳುತ್ತಿಲ್ಲ. ಮೊದಲ ಚಿತ್ರದ ಕೊನೆಯಲ್ಲಿ ಫ್ಯಾನಿ ಒಂದು ಸುಳ್ಳು ಹೇಳುತ್ತಾಳೆ. ಎರಡನೇ ಚಿತ್ರ ನಿಂತಿರುವುದೇ ಆ ಸುಳ್ಳಿನ ಮೇಲೆ. ಅದನ್ನು ಬಿಟ್ಟು ನೋಡಿದರೆ ‘ಫ್ಯಾನಿ’ ಬರೀ ಒಂದು ಮದುವೆಯ ಗೋಳಾಗಿ ಕಾಣುತ್ತದೆ.

ಕಪ್ಪು-ಬಿಳುಪು, ಬರೀ ಮಾತು, ಎರಡೆರಡು ಗಂಟೆ. ಬೋರ್ ಆಗಲ್ವಾ?

ಮೊದಲ ಇಪ್ಪತ್ತು ನಿಮಿಷ ತಡೆದುಕೊಳ್ಳಿ. ಆಮೇಲೆ ನಗು ಶುರುವಾಗುತ್ತದೆ. ಈ ಚಿತ್ರಗಳನ್ನು ಕಣ್ಣೀರಿನ ಕಥೆ ಅಂದುಕೊಂಡು ಕೂರುವವರಿಗೆ ಅದೇ ಆಶ್ಚರ್ಯ. ‘ಮಾರಿಯುಸ್’ನಲ್ಲಿ ಸೆಜಾರ್ ಮಗನಿಗೆ ಒಂದು ಪಾನೀಯ ಬೆರೆಸುವುದನ್ನು ಕಲಿಸುತ್ತಾನೆ. ಇದು ಮೂರನೇ ಒಂದು ಭಾಗ, ಇದು ಮೂರನೇ ಒಂದು, ಇದು ಕೊಂಚ ದೊಡ್ಡ ಮೂರನೇ ಒಂದು, ಕೊನೆಗೆ ನೀರು ಇನ್ನೂ ದೊಡ್ಡ ಮೂರನೇ ಒಂದು. ನಾಲ್ಕಾಯಿತಲ್ಲ ಅಂತ ಮಗ ಕೇಳಿದರೆ, ಅದು ಭಾಗ ಎಷ್ಟು ದೊಡ್ಡದು ಅನ್ನುವುದರ ಮೇಲೆ ಹೋಗುತ್ತದೆ ಅಂತ ಅಪ್ಪ ಗದರುತ್ತಾನೆ.

ಇಸ್ಪೀಟಿನ ದೃಶ್ಯವಂತೂ ಫ್ರಾನ್ಸಿನಲ್ಲಿ ಇವತ್ತಿಗೂ ಎಲ್ಲರ ಬಾಯಲ್ಲಿದೆ. ಆಟೀನ್ ಎಲೆ ಹಾಕು ಅಂತ ಜೊತೆಗಾರನಿಗೆ ಹೇಳುವಂತಿಲ್ಲ. ಅದಕ್ಕೆ ಸೆಜಾರ್ ಎದುರಾಳಿ ಪಾನಿಸ್‌ನನ್ನು ನೋಡುತ್ತಾ ನನ್ನ ಹೃದಯ ಸೀಳುತ್ತಿದ್ದೀಯಲ್ಲಪ್ಪಾ ಅಂತ ಗೋಳಾಡುತ್ತಾನೆ. ದಡ್ಡ ಜೊತೆಗಾರನಿಗೆ ಸನ್ನೆ ಅರ್ಥವಾಗುವುದು ತಡವಾಗಿ, ಅಷ್ಟರಲ್ಲಿ ಪಾನಿಸ್‌ಗೂ ಅರ್ಥವಾಗಿ ಸಿಡಿದೇಳುತ್ತಾನೆ. ಹಳ್ಳಿ ಕಟ್ಟೆಯ ಮೇಲೆ ಇಸ್ಪೀಟು ಆಡಿದವರಿಗೆ ಈ ದೃಶ್ಯಕ್ಕೆ ಸಬ್‌ಟೈಟಲ್ ಬೇಡ.

ನಟರು ಯಾರು?

ಸೆಜಾರ್ ಆಗಿ ರೇಮು, ಮಾರಿಯುಸ್ ಆಗಿ ಪಿಯೆರ್ ಫ್ರೆನೆ, ಫ್ಯಾನಿ ಆಗಿ ಒರಾನ್ ದೆಮಾಜಿ, ಪಾನಿಸ್ ಆಗಿ ಫೆರ್ನಾಂಡ್ ಶಾರ್ಪಾನ್, ಒನೊರಿನ್ ಆಗಿ ಅಲಿಡಾ ರೂಫ್. ಐವರೂ ಮೂರು ಚಿತ್ರಗಳಲ್ಲೂ ಇದ್ದಾರೆ. ರೇಮು ಹತ್ತಿರದ ತೂಲೋನ್ ಊರಿನವರು, ಆ ಕಡೆಯ ಮಾತು ಅವರಿಗೆ ಹುಟ್ಟಿನಿಂದಲೇ ಬಂದದ್ದು. ಫ್ರೆನೆ ಮಾತ್ರ ಪ್ಯಾರಿಸ್ಸಿನವರು. ಉತ್ತರದವನೊಬ್ಬ ಮಾರ್ಸೇ ಹುಡುಗನಾಗಿ ಮಾತಾಡುವುದೇ ಅಂತ ರೇಮು ಮೊದಲು ಮೂಗು ಮುರಿದಿದ್ದರು. ಫ್ರೆನೆ ಆ ಧಾಟಿಯನ್ನು ಕಲಿತೇ ಬಂದರು. ಧಾರವಾಡದ ಪಾತ್ರಕ್ಕೆ ಮೈಸೂರಿನವರನ್ನು ಹಾಕಿದಾಗ ಏಳುವ ಗಲಾಟೆ ನಮಗೆ ಗೊತ್ತಿರುವುದೇ.

## ಪ್ರೀತಿ, ದುಡ್ಡು, ಮದುವೆ

ಫ್ಯಾನಿ ದುಡ್ಡಿಗಾಗಿ ಮದುವೆಯಾದಳು ಅಂತ ಹೇಳೋದು ಸರಿನಾ?

ಇದೇ ಅತಿ ಜಾಸ್ತಿ ಬರುವ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ.

ಮೊದಲ ಚಿತ್ರದಲ್ಲಿ ಸೆಜಾರ್‌ನ ಮಗ ಮಾರಿಯುಸ್‌ಗೆ ಫ್ಯಾನಿ ಮೇಲೆ ಪ್ರೀತಿ ಇದೆ. ಆದರೆ ಅವನಿಗೆ ಸಮುದ್ರದ ಹುಚ್ಚು. ಬಂದರಿಗೆ ಬರುವ ಒಂದೊಂದು ಹಡಗೂ ಅವನನ್ನು ಎಳೆಯುತ್ತದೆ. ‘ಮಲೇಸಿ’ ಎಂಬ ಹಡಗಿನಲ್ಲಿ ಕೆಲಸ ಸಿಗುತ್ತದೆ. ಅಷ್ಟರಲ್ಲಿ ಇಬ್ಬರ ಸಂಬಂಧ ಮನೆಯವರಿಗೆ ಗೊತ್ತಾಗಿ ಮದುವೆಯ ಮಾತುಕತೆಯೂ ನಡೆದಿದೆ. ಇವನನ್ನು ಕಟ್ಟಿಹಾಕಿದರೆ ಜೀವನಪೂರ್ತಿ ಕಿಟಕಿಯಲ್ಲಿ ಹಡಗು ನೋಡುತ್ತಾ ಕೊರಗುತ್ತಾನೆ ಅಂತ ಫ್ಯಾನಿಗೆ ಅರ್ಥವಾಗುತ್ತದೆ. ಆಗ ಅವಳು ಹೇಳುವ ಸುಳ್ಳು ಇದು: ನನಗೆ ಪಾನಿಸ್‌ನ ಸಾಹುಕಾರಿಕೆಯೇ ಬೇಕು, ನೀನು ಹೋಗು. ಅವನು ನಂಬುತ್ತಾನೆ. ನಂಬುವುದು ಅವನಿಗೂ ಬೇಕಿತ್ತು. ಹಡಗು ಬಂದರು ಬಿಡುವ ಹೊತ್ತಿನಲ್ಲಿ ಸೆಜಾರ್‌ನ ಗಮನ ಆ ಕಡೆ ಹೋಗದಂತೆ ಅವನೊಂದಿಗೆ ಮದುವೆಯ ಮಾತಾಡುತ್ತಾ ನಿಲ್ಲುವವಳೂ ಇವಳೇ.

ಅಂದರೆ “ದುಡ್ಡಿಗಾಗಿ ಮದುವೆ” ಅನ್ನುವ ಮಾತು ಈ ಕಥೆಯಲ್ಲಿ ಮೊದಲು ಬರುವುದು ಪ್ರೀತಿಗಾಗಿ ಹೇಳಿದ ಸುಳ್ಳಾಗಿ. ಎರಡನೇ ಚಿತ್ರದಲ್ಲಿ ಅವಳು ಬಸುರಿ, ಅವನು ಸಮುದ್ರದಲ್ಲಿ. ಆ ಸುಳ್ಳೇ ಈಗ ನಿಜವಾಗಬೇಕಾಗಿದೆ. ಇಷ್ಟು ಕ್ರೂರವಾದ ತಿರುವನ್ನು ಇಷ್ಟು ಮೆತ್ತಗೆ ಹೇಳಿದ ಚಿತ್ರಗಳು ಕಡಿಮೆ.

ಇನ್ನೊಂದು ವಿಷಯ. ಅವಳಿಗೆ ಬೇಕಾಗಿದ್ದು ಬಂಗಲೆ, ಒಡವೆ ಅಲ್ಲ. ಮಗುವಿಗೆ ಒಂದು ಹೆಸರು, ಬೀದಿಯಲ್ಲಿ ತಲೆ ಎತ್ತಿ ಓಡಾಡುವ ಅವಕಾಶ. ಅದು ಸಿಗುವ ಬಾಗಿಲು ಒಂದೇ ಇತ್ತು. ಆ ಬಾಗಿಲಿನ ಹಿಂದೆ ದುಡ್ಡೂ ಇತ್ತು, ಅಷ್ಟೇ.

ಮುದುಕ ಸಾಹುಕಾರ, ಹದಿನೆಂಟರ ಹುಡುಗಿ. ಇದನ್ನ ಹೇಗೆ ಸಹಿಸಿಕೊಳ್ಳೋದು?

ಸಹಿಸಿಕೊಳ್ಳಬೇಕಿಲ್ಲ. ಪಾನಿಸ್‌ಗೆ ಐವತ್ತು ದಾಟಿದೆ, ಹೆಂಡತಿ ತೀರಿಹೋಗಿ ತಿಂಗಳುಗಳಾಗಿವೆ. ಮೊದಲ ಚಿತ್ರದಲ್ಲಿ ಅವನು ಹುಡುಗಿ ಕೇಳಲು ಬಂದಾಗ ನಗೆಪಾಟಲಾಗುತ್ತಾನೆ. ತಾಯಿ ಒನೊರಿನ್ ಅವನು ತನ್ನನ್ನೇ ಕೇಳಲು ಬಂದಿದ್ದಾನೆ ಅಂತ ತಿಳಿದು ನಾಚಿಕೊಳ್ಳುತ್ತಾಳೆ, ನಿಜ ಗೊತ್ತಾದಾಗ ಸಿಡಿಯುತ್ತಾಳೆ. ಎರಡನೇ ಸಂಬಂಧಕ್ಕೆ ಕೊಟ್ಟ ಹೆಣ್ಣುಮಕ್ಕಳ ಕಥೆ ನಮ್ಮ ಯಾವ ಮನೆತನದಲ್ಲಿ ಇಲ್ಲ ಹೇಳಿ? ನಮ್ಮವರಿಗೆ ಈ ದೃಶ್ಯ ನಗುವಿನ ಜೊತೆ ಸ್ವಲ್ಪ ಚುಚ್ಚುತ್ತದೆ.

ಆದರೆ ಎರಡನೇ ಚಿತ್ರದಲ್ಲಿ ಪಾನ್ಯೊಲ್ ಒಂದು ಕೆಲಸ ಮಾಡುತ್ತಾರೆ. ಫ್ಯಾನಿ ಪಾನಿಸ್‌ನ ಅಂಗಡಿಗೆ ಹೋಗಿ ನಿಜ ಹೇಳುತ್ತಾಳೆ. ಮುಚ್ಚಿಟ್ಟು ಮದುವೆಯಾಗುವ ಮೋಸ ತನ್ನಿಂದಾಗದು ಅನ್ನುತ್ತಾಳೆ. ಅವನಿಗೆ ಸಿಟ್ಟು ಬರುವುದಿಲ್ಲ. ಸಂತೋಷ ತಡೆಯಲಾಗುವುದಿಲ್ಲ! ಮಕ್ಕಳಿಲ್ಲದೆ ಇಷ್ಟು ವರ್ಷ ಕಳೆದವನು. ಅಂಗಡಿಯ ಬೋರ್ಡಿನಲ್ಲಿ ತನ್ನ ಹೆಸರಿನ ಪಕ್ಕ ಹಾಕಲು “ಮತ್ತು ಮಗ” ಎಂಬ ಅಕ್ಷರಗಳನ್ನು ಮಾಡಿಸಿ ಎತ್ತಿಟ್ಟಿದ್ದಾನೆ. ಅವನ್ನು ತೆಗೆದು ಅವಳಿಗೆ ತೋರಿಸುತ್ತಾನೆ. ಬೇರೆಯವನ ಮಗು ಅನ್ನುವುದು ಅವನಿಗೆ ಅಡ್ಡಿಯೇ ಅಲ್ಲ.

ಶಾರ್ಪಾನ್ ಈ ದೃಶ್ಯದಲ್ಲಿ ಕರುಣೆ ತೋರಿಸುವ ದೊಡ್ಡ ಮನುಷ್ಯನಂತೆ ನಟಿಸಿಲ್ಲ. ಲಾಟರಿ ಹೊಡೆದವನಂತೆ ತಬ್ಬಿಬ್ಬಾಗುತ್ತಾರೆ. ಅದಕ್ಕೇ ವಯಸ್ಸಿನ ಅಂತರದ ಮುಜುಗರ ಉಳಿದುಕೊಂಡರೂ ಅವನನ್ನು ದ್ವೇಷಿಸಲು ಆಗುವುದಿಲ್ಲ.

ಒನೊರಿನ್ ಮಗಳನ್ನ ಮಾರಿದಳು ಅನಿಸಿತು. ನೀವೇನಂತೀರಾ?

ನನಗೆ ಹಾಗನಿಸಿಲ್ಲ. ಅವಳು ಅರಚುತ್ತಾಳೆ, ಮನೆಯಿಂದ ಆಚೆ ಹೋಗು ಅನ್ನುತ್ತಾಳೆ, ಮರುಕ್ಷಣ ತಾನೇ ಅಳುತ್ತಾಳೆ. ಅವಳ ತಲೆಯಲ್ಲಿ ಕೊರೆಯುತ್ತಿರುವುದು ಜೋಯಿ ಎಂಬ ತಂಗಿಯ ನೆನಪು. ಆ ತಂಗಿ ಹೀಗೇ ಒಬ್ಬ ನಾವಿಕನನ್ನು ನಂಬಿ ಹಾಳಾದಳು. ಮಗಳಿಗೂ ಅದೇ ಗತಿ ಬಂದರೆ ಅನ್ನುವ ಭಯವೇ ಬೈಗುಳವಾಗಿ ಹೊರಬರುತ್ತದೆ. ಮನೆಯಲ್ಲಿ ಗಂಡಸಿಲ್ಲ. ಮೀನು ಮಾರಿದರೆ ಊಟ. ಅಂಥ ಮನೆಯಲ್ಲಿ ಮರ್ಯಾದೆ ಅನ್ನುವುದು ಅಲಂಕಾರವಲ್ಲ, ಇರುವ ಒಂದೇ ಬಂಡವಾಳ.

ಹಾಗಾದ್ರೆ ಮಾರಿಯುಸ್ ಖಳನಾ?

ಅಲ್ಲ. ಅವನು ಹೋಗುವಾಗ ಮಗುವಿನ ವಿಷಯ ಅವನಿಗಾಗಲಿ, ಅವಳಿಗಾಗಲಿ ಗೊತ್ತಿರಲಿಲ್ಲ. ತಿರುಗಿ ಬಂದಾಗ ಮಗು ತನ್ನದೆಂದು ತಿಳಿದು ಕೇಳುತ್ತಾನೆ. ಕೇಳುವುದು ತಪ್ಪಲ್ಲ. ಆದರೆ ಅವನು ಕೇಳುವ ಹೊತ್ತು ನೋಡಿ: ಪಾನಿಸ್ ಪ್ಯಾರಿಸ್‌ಗೆ ಹೋಗಿದ್ದಾನೆ, ರಾತ್ರಿ, ಫ್ಯಾನಿ ಒಬ್ಬಳೇ. ಅವಳಿಗೆ ಇನ್ನೂ ಅವನ ಮೇಲೇ ಪ್ರೀತಿ ಅನ್ನುವುದನ್ನು ಚಿತ್ರ ಮುಚ್ಚಿಡುವುದಿಲ್ಲ. ಸೆಜಾರ್ ಬಾಗಿಲಲ್ಲಿ ಬಂದು ನಿಲ್ಲದಿದ್ದರೆ ಕಥೆ ಬೇರೆ ಕಡೆ ಹೋಗುತ್ತಿತ್ತು.

ಆ “ಐದು ಕಿಲೋ” ಮಾತನ್ನ ಎಲ್ಲರೂ ಹೇಳ್ತಾರಲ್ಲ, ಏನದು?

ಮೇಲೆ ಹೇಳಿದ ರಾತ್ರಿಯದೇ ಮುಂದುವರಿಕೆ. ಪಾನಿಸ್ ಕೂಡ ಮರಳಿ ಬಂದಿರುತ್ತಾನೆ. ಮಗು ಯಾರದು ಅಂತ ವಾದ. ಸೆಜಾರ್ ತನ್ನ ಮಗನ ಪರ ನಿಲ್ಲುತ್ತಾನೆ ಅಂದುಕೊಳ್ಳುತ್ತೇವೆ. ಅವನು ತಕ್ಕಡಿ ಹಿಡಿದವನಂತೆ ಲೆಕ್ಕ ಹೇಳಲು ಶುರುಮಾಡುತ್ತಾನೆ. ಹುಟ್ಟಿದಾಗ ಮಗುವಿನ ತೂಕ ನಾಲ್ಕು ಕಿಲೋ, ಅದು ತಾಯಿಯ ಮೈಯಿಂದ ಬಂದದ್ದು. ಈಗ ಒಂಬತ್ತು ಕಿಲೋ. ಈ ಐದು ಕಿಲೋ ಎಲ್ಲಿಂದ ಬಂತು? ಅದು ಪ್ರೀತಿಯ ತೂಕ. ನಾನೂ ಸ್ವಲ್ಪ ಕೊಟ್ಟೆ, ಅವಳೂ ಕೊಟ್ಟಳು, ಎಲ್ಲರಿಗಿಂತ ಜಾಸ್ತಿ ಕೊಟ್ಟವನು ಪಾನಿಸ್. ನೀನೇನು ಕೊಟ್ಟೆ? ಜೀವ ಕೊಟ್ಟೆ ಅನ್ನುತ್ತಾನೆ ಮಾರಿಯುಸ್. ಜೀವ ನಾಯಿಗಳೂ ಕೊಡುತ್ತವೆ ಅನ್ನುತ್ತಾನೆ ಅಪ್ಪ.

ಈ ಮಾತನ್ನು ಬರೀ ಭಾವುಕ ಸಾಲು ಅಂತ ಹಂಚಿಕೊಳ್ಳುವವರು ಅದರ ಅಂಗಡಿ ಭಾಷೆಯನ್ನು ಗಮನಿಸುವುದಿಲ್ಲ. ಇದು ವ್ಯಾಪಾರಿಗಳ ಬೀದಿ. ಇಲ್ಲಿನವರು ಮೀನನ್ನು ತೂಗುತ್ತಾರೆ, ಮದ್ಯವನ್ನು ಅಳೆಯುತ್ತಾರೆ, ಹಾಯಿಬಟ್ಟೆಯನ್ನು ಕತ್ತರಿಸಿ ಕೊಡುತ್ತಾರೆ. ಪ್ರೀತಿ ಬಂದಾಗಲೂ ಅದೇ ತಕ್ಕಡಿ ತೆಗೆಯುತ್ತಾರೆ. ಪ್ರೀತಿ ಒಂದು ಕಡೆ, ದುಡ್ಡು ಒಂದು ಕಡೆ ಅಂತ ವಿಂಗಡಿಸುವ ಸಿನಿಮಾಗಳ ನಡುವೆ ನನಗೆ ‘ಫ್ಯಾನಿ’ ದೊಡ್ಡದೆನಿಸುವುದು ಇದಕ್ಕೆ. ರಾತ್ರಿ ಎದ್ದು ಮಗು ನೋಡಿಕೊಂಡವನ ಖರ್ಚು, ನಿದ್ದೆ, ಅಂಗಡಿ ಎಲ್ಲ ಇಲ್ಲಿ ಪ್ರೀತಿಯ ಲೆಕ್ಕಕ್ಕೇ ಸೇರುತ್ತದೆ.

## ಮಾತು ಬಂದ ಕಾಲ

ನಾಟಕದವರು ಸಿನಿಮಾಕ್ಕೆ ಯಾಕೆ ಬಂದರು?

ಪಾನ್ಯೊಲ್ ಹುಟ್ಟಿದ್ದು 1895ರಲ್ಲಿ, ಮಾರ್ಸೇ ಪಕ್ಕದ ಒಬಾನ್ಯ್ ಎಂಬಲ್ಲಿ. ಮೇಷ್ಟರ ಮಗ, ತಾವೂ ಇಂಗ್ಲಿಷ್ ಮೇಷ್ಟರಾಗಿದ್ದವರು. ‘ಮಾರಿಯುಸ್’ ನಾಟಕ 1929ರ ಮಾರ್ಚಿನಲ್ಲಿ ಪ್ಯಾರಿಸ್‌ನಲ್ಲಿ ರಂಗಕ್ಕೆ ಬಂದು ಗೆದ್ದಿತು. ಅದರ ನಂತರ ಲಂಡನ್ನಿನಲ್ಲಿ ‘ಬ್ರಾಡ್‌ವೇ ಮೆಲೊಡಿ’ ಎಂಬ ಅಮೆರಿಕನ್ ಟಾಕಿ ನೋಡಿ ಅವರ ತಲೆ ತಿರುಗಿತು. ನಾಟಕಕಾರನಿಗೆ ಇನ್ನು ಮುಂದೆ ಕೆಲಸ ಇಲ್ಲೇ ಅಂತ ಖಾತ್ರಿಯಾಯಿತು.

ಫ್ರೆಂಚ್ ಸಿನಿಮಾಕ್ಕೆ ಅಮೆರಿಕದ ಪ್ಯಾರಾಮೌಂಟ್ ಯಾಕೆ ದುಡ್ಡು ಹಾಕಿತು?

ಮೂಕಿ ಚಿತ್ರಕ್ಕೆ ಭಾಷೆಯ ಗೋಡೆ ಇರಲಿಲ್ಲ. ನಡುವಿನ ಬರಹ ಬದಲಿಸಿದರೆ ಸಾಕಿತ್ತು. ಮಾತು ಬಂದಕೂಡಲೇ ಹಾಲಿವುಡ್‌ಗೆ ತಲೆನೋವು ಶುರುವಾಯಿತು. ಡಬ್ಬಿಂಗ್ ಆಗಿನ್ನೂ ಕುದುರಿರಲಿಲ್ಲ. ಅದಕ್ಕೆ ಪ್ಯಾರಾಮೌಂಟ್ ಪ್ಯಾರಿಸ್ ಹತ್ತಿರದ ಜ್ವಾಂವಿಲ್‌ನಲ್ಲಿ ಸ್ಟುಡಿಯೋ ನಡೆಸಿ, ಒಂದೇ ಕಥೆಯನ್ನು ಒಂದೇ ಸೆಟ್ಟಿನಲ್ಲಿ ಬೇರೆ ಬೇರೆ ಭಾಷೆಯ ನಟರಿಂದ ಮಾಡಿಸುತ್ತಿತ್ತು. ‘ಮಾರಿಯುಸ್’ಗೂ ಜರ್ಮನ್ ಮತ್ತು ಸ್ವೀಡಿಶ್ ಆವೃತ್ತಿಗಳಿವೆ. ಮುಂದೆ ಮದ್ರಾಸಿನ ಸ್ಟುಡಿಯೋಗಳಲ್ಲಿ ಒಂದೇ ಕಥೆ ಎರಡು ಮೂರು ಭಾಷೆಯಲ್ಲಿ ತಯಾರಾದದ್ದು ನೆನಪಾಗುತ್ತದೆ ಅಲ್ವಾ? ‘ಫ್ಯಾನಿ’ ಹೊತ್ತಿಗೆ ಪಾನ್ಯೊಲ್ ಪ್ಯಾರಾಮೌಂಟ್ ಬಿಟ್ಟು ನಿರ್ಮಾಣಕ್ಕೆ ತಾವೇ ಕೈಹಾಕಿದರು.

ಇದು ಕ್ಯಾಮೆರಾ ಇಟ್ಟು ತೆಗೆದ ನಾಟಕ ಅಷ್ಟೇ ಅಲ್ವಾ?

ಆಗಲೂ ಇದೇ ಬೈಗುಳ ಇತ್ತು. ಪಾನ್ಯೊಲ್ ಅದನ್ನು ಅಲ್ಲಗಳೆಯಲಿಲ್ಲ, ಇನ್ನೂ ಮುಂದೆ ಹೋದರು. ಟಾಕಿ ಅನ್ನುವುದು ನಾಟಕವನ್ನು ಅಚ್ಚು ಹಾಕಿ ಊರೂರಿಗೆ ಹಂಚುವ ಕಲೆ ಅಂತ ವಾದಿಸಿದರು. ಚಿತ್ರವೇ ಮುಖ್ಯ, ಮಾತು ಅದರ ಹಿಂದೆ ಅನ್ನುತ್ತಿದ್ದ ರೆನೆ ಕ್ಲೇರ್‌ನಂಥ ನಿರ್ದೇಶಕರಿಗೆ ಇದು ಸರಿಹೋಗಲಿಲ್ಲ.

‘ಮಾರಿಯುಸ್’ನ ಬಾರ್ ಸ್ಟುಡಿಯೋದಲ್ಲಿ ಹಾಕಿದ ಸೆಟ್. ಅಲ್ಲಿ ಕ್ಯಾಮೆರಾ ಹೆಚ್ಚು ಕದಲುವುದಿಲ್ಲ, ನಿಜ. ಆದರೆ ‘ಫ್ಯಾನಿ’ಯಲ್ಲಿ ಒಂದು ಭಾಗ ಈ ಆರೋಪಕ್ಕೆ ಸರಿಯಾದ ಉತ್ತರ. ಬಸುರಿ ಅಂತ ಡಾಕ್ಟರ್ ಹೇಳಿದ ಮೇಲೆ ಫ್ಯಾನಿ ಆಚೆ ಬಂದು ನಡೆಯುತ್ತಾಳೆ. ಮಾರ್ಸೇಯ ನಿಜವಾದ ಬೀದಿಗಳು, ನಿಜವಾದ ಜನ. ಕ್ಯಾಮೆರಾ ಅವಳ ಜೊತೆ ಸಾಗುತ್ತದೆ. ಬೆಟ್ಟದ ಮೇಲಿನ ನೋತ್ರ್ ದಾಮ್ ದ ಲಾ ಗಾರ್ದ್ ಚರ್ಚಿನವರೆಗೂ ಹೋಗುತ್ತಾಳೆ. ಮಾತಿಗೇ ಹೆಸರಾದ ಚಿತ್ರದಲ್ಲಿ ಅತ್ಯಂತ ತೂಕದ ಸಂಗತಿ ಮಾತಿಲ್ಲದೆ ನಡೆಯುತ್ತದೆ.

ಹಾಗೇ ನೋಡುವಾಗ ಬಂದರಿನ ಮೇಲಿನ ಎತ್ತರದ ಕಬ್ಬಿಣದ ಸೇತುವೆಯನ್ನೂ ಗಮನಿಸಿ. 1905ರಲ್ಲಿ ಕಟ್ಟಿದ್ದು. 1944ರಲ್ಲಿ ಜರ್ಮನ್ನರು ಅದನ್ನು ಒಡೆದರು. ಅದರ ಹಿಂದಿನ ವರ್ಷವೇ ಬಂದರಿನ ಉತ್ತರ ದಂಡೆಯ ಹಳೇ ಕೇರಿಗಳನ್ನು ಸ್ಫೋಟಿಸಿ ನೆಲಸಮ ಮಾಡಿದ್ದರು.

ಅದೇ ಹೊತ್ತಿಗೆ ಕನ್ನಡದಲ್ಲಿ ಏನಿತ್ತು?

‘ಸತಿ ಸುಲೋಚನಾ’ 1934ರಲ್ಲಿ ಬಂತು, ಪೌರಾಣಿಕ. ಅಲ್ಲೂ ತೆರೆಗೆ ಬಂದವರು ರಂಗದವರೇ: ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್. ‘ಸೆಜಾರ್’ ಬಿಡುಗಡೆಯಾದ 1936ರಲ್ಲೇ ನಮ್ಮಲ್ಲಿ ಎಚ್.ಎಲ್.ಎನ್. ಸಿಂಹ ಅವರ ‘ಸಂಸಾರ ನೌಕೆ’ ಬಂತು. ಬಿ.ಆರ್. ಪಂತುಲು, ಎಂ.ವಿ. ರಾಜಮ್ಮ ಇದ್ದ ಸಾಮಾಜಿಕ ಚಿತ್ರ. ಮನೆಯ ಹಿರಿಯರ ಮಾತು ಮೀರಿ ಮದುವೆಯಾದವನ ಪಾಡು ಅದರ ವಸ್ತು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಆದರೆ ಟಾಕಿ ಬಂದಮೇಲೆ ಮನೆಯೊಳಗಿನ ಜಗಳ ತೆರೆಯ ಮೇಲೆ ಕೇಳಿಸತೊಡಗಿದ್ದು ಎರಡೂ ಕಡೆ.

## ಇನ್ನೂ ಸ್ವಲ್ಪ ಒಳಕ್ಕೆ

ರೀಮೇಕ್‌ಗಳಲ್ಲಿ ಯಾವುದನ್ನ ನೋಡಬಹುದು?

ಹಾಲಿವುಡ್‌ನ 1938ರ ‘ಪೋರ್ಟ್ ಆಫ್ ಸೆವೆನ್ ಸೀಸ್’ ಬಿಡಿ. 1954ರಲ್ಲಿ ಬ್ರಾಡ್‌ವೇಯಲ್ಲಿ ಸಂಗೀತ ನಾಟಕ ಬಂತು. ಅದನ್ನು ಆಧರಿಸಿ ಜೋಶುವಾ ಲೋಗನ್ 1961ರಲ್ಲಿ ‘ಫ್ಯಾನಿ’ ತೆಗೆದರು, ತಮಾಷೆ ಅಂದರೆ ಹಾಡುಗಳನ್ನೆಲ್ಲ ಬಿಟ್ಟು. ಲೆಸ್ಲಿ ಕ್ಯಾರನ್ ಚೆನ್ನಾಗಿದ್ದಾರೆ, ಬಣ್ಣದ ಮಾರ್ಸೇ ಚೆನ್ನಾಗಿದೆ, ಆದರೆ ಮೂರು ಚಿತ್ರದ ಸರಕನ್ನು ಒಂದಕ್ಕೆ ತುರುಕಿದ್ದಾರೆ. 2013ರಲ್ಲಿ ದಾನಿಯೆಲ್ ಒತೈ ‘ಮಾರಿಯುಸ್’ ಮತ್ತು ‘ಫ್ಯಾನಿ’ಯನ್ನು ಮತ್ತೆ ತೆಗೆದು ತಾವೇ ಸೆಜಾರ್ ಆದರು. ಇನ್ನು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 1971ರಲ್ಲಿ ಶುರುವಾದ ಹೆಸರಾಂತ ‘ಶೇ ಪಾನಿಸ್’ ಹೋಟೆಲಿಗೆ ಆ ಹೆಸರು ಬಂದದ್ದು ನಮ್ಮ ಹಾಯಿ ವ್ಯಾಪಾರಿಯಿಂದಲೇ.

ಮೂಲ ಚಿತ್ರಗಳನ್ನು ಈಚಿನ ವರ್ಷಗಳಲ್ಲಿ ಚೆನ್ನಾಗಿ ಸರಿಪಡಿಸಿದ್ದಾರೆ. ಆ ಪ್ರತಿಯನ್ನೇ ಹುಡುಕಿ. ಹಳೇ ಪ್ರತಿಗಳಲ್ಲಿ ಮಾತು ಕೇಳಿಸದಿದ್ದರೆ ಈ ಚಿತ್ರದಲ್ಲಿ ಉಳಿಯುವುದು ಕಡಿಮೆ.

ಕೊನೆಗೆ ಪ್ರೀತಿ ಗೆದ್ದಿತಾ, ದುಡ್ಡು ಗೆದ್ದಿತಾ?

‘ಸೆಜಾರ್’ನಲ್ಲಿ ಇಪ್ಪತ್ತು ವರ್ಷ ಕಳೆದಿದೆ. ಪಾನಿಸ್ ಸಾವಿನ ಹಾಸಿಗೆಯಲ್ಲಿದ್ದಾನೆ. ಪಾದ್ರಿಯ ಮುಂದೆ ಪಾಪ ನಿವೇದನೆ ಮಾಡುವಾಗಲೂ ಗೆಳೆಯರೆಲ್ಲ ಕೋಣೆಯಲ್ಲೇ ಇರಬೇಕು ಅವನಿಗೆ. ಮಗನಿಗೆ ನಿಜ ಹೇಳಲು ಮಾತ್ರ ಅವನ ಬಾಯಿ ಬರುವುದಿಲ್ಲ. ಅವನು ಸತ್ತಮೇಲೆ ಓದಿಕೊಂಡ ಮಗ ಸೆಜಾರಿಯೋ ತನ್ನ ಹೆತ್ತ ತಂದೆ ಬೇರೆ ಅಂತ ತಿಳಿದು, ತೂಲೋನ್‌ನಲ್ಲಿ ಗ್ಯಾರೇಜು ನಡೆಸುತ್ತಿರುವ ಮಾರಿಯುಸ್‌ನನ್ನು ಹುಡುಕಿ ಹೋಗುತ್ತಾನೆ. ಕೊನೆಗೆ ಫ್ಯಾನಿ, ಮಾರಿಯುಸ್ ಒಂದಾಗುತ್ತಾರೆ. ಕೆಲವರಿಗೆ ಇದು ಸಮಾಧಾನ. ನನಗೆ ಇದು ಸ್ವಲ್ಪ ಒತ್ತಾಯದ ಸುಖಾಂತ ಅನಿಸುತ್ತದೆ. ಇಪ್ಪತ್ತು ವರ್ಷ ಸಂಸಾರ ಮಾಡಿದವನ ಜಾಗ ಅಷ್ಟು ಬೇಗ ಖಾಲಿಯಾಗುವುದಿಲ್ಲ.

ಫ್ಯಾನಿಗೆ ಏನು ಬೇಕು ಅಂತ ಯಾರಾದ್ರೂ ಕೇಳ್ತಾರಾ? ಎಲ್ಲಾ ಗಂಡಸರೇ ತೀರ್ಮಾನ ಮಾಡ್ತಾರಲ್ಲ?

ಈ ದೂರು ಸರಿಯಾಗಿಯೇ ಇದೆ. ತಕ್ಕಡಿಯ ರಾತ್ರಿಯಲ್ಲಿ ಮೂವರು ಗಂಡಸರು ಮಾತಾಡುತ್ತಾರೆ. ಬೇಕಾದರೆ ಫ್ಯಾನಿ ಹೋಗಲಿ, ಮಗುವನ್ನು ಮಾತ್ರ ಬಿಡಲಾರೆ ಅನ್ನುತ್ತಾನೆ ಪಾನಿಸ್. ಎಷ್ಟು ಒಳ್ಳೆಯವನಾದರೂ ಆ ಮಾತಿನಲ್ಲಿ ಅವಳಿಗೆ ಎರಡನೇ ಸ್ಥಾನ. ಮಗುವನ್ನು ಬಿಟ್ಟು ಅವಳು ಹೋಗುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಆಯ್ಕೆ ಅಂತ ಅವಳ ಮುಂದೆ ಇಟ್ಟದ್ದು ಆಯ್ಕೆಯೇ ಅಲ್ಲ. ಐದು ಕಿಲೋ ಮಾತನ್ನು ಮೆಚ್ಚುವವರು ಇದನ್ನೂ ನೋಡಬೇಕು.

ಅವಳಿಗೆ ನಿಜವಾಗಿ ಬಾಯಿ ಬರುವುದು ಮೂರನೇ ಚಿತ್ರದಲ್ಲಿ. ಮಗ ಅವಳನ್ನು ತಪ್ಪಿತಸ್ಥೆಯಂತೆ ನೋಡುವಾಗ ಅವಳು ಕುಳಿತು ಎಲ್ಲ ಹೇಳುತ್ತಾಳೆ, ಯಾರ ಮೇಲೂ ಹೊರಿಸದೆ, ತನ್ನನ್ನೂ ಬಿಟ್ಟುಕೊಡದೆ. ದೆಮಾಜಿಯ ನಟನೆ ರೇಮು ಪಕ್ಕದಲ್ಲಿ ಮಂಕು ಅನ್ನುವವರಿದ್ದಾರೆ. ಅವರು ಈ ದೃಶ್ಯವನ್ನು ಇನ್ನೊಂದು ಸಲ ನೋಡಲಿ.